ಮುಳ್ಳು ಮರಳಿ ಬರಬೇಕು

ಡಯಲ್ ಗೇಜ್ ಕೊಳ್ಳಲು ಅಂಗಡಿಗೆ ಹೋಗುವ ಮೊದಲು ನಿನ್ನ ಮುಂದಿರುವ ಡ್ರಾಯಿಂಗ್‌ಗಳನ್ನು ಒಂದು ಸಲ ತಿರುವಿ ನೋಡು, ಮಗಳೇ. ಪೀಣ್ಯದ ನಿನ್ನ ಶಾಪಿಗೆ ಬರುವ ಜಾಬ್‌ಗಳಲ್ಲಿ ಹೆಚ್ಚಿನವಕ್ಕೆ ಟಾಲರೆನ್ಸ್ 0.1 ಮಿ.ಮೀ., ಕೆಲವಕ್ಕೆ 0.05, ಬೇರಿಂಗ್ ಕೂರುವ ಜಾಗಕ್ಕೆ ಮಾತ್ರ 0.02 ಅಂತ ಫೋನಿನಲ್ಲಿ ನೀನೇ ಹೇಳಿದೆ. ಹೇಳಿ ಮುಗಿಸುವಷ್ಟರಲ್ಲೇ, "ಒಂದು ಮೈಕ್ರಾನ್ ಡಯಲ್ಲೇ ತಗೊಂಡುಬಿಡಲಾ ದೊಡ್ಡಪ್ಪ, ಒಂದೇ ಸಲ ಒಳ್ಳೇದು ತಗೊಂಡ ಹಾಗಾಗತ್ತೆ" ಅಂದೆ.

ಬೇಡ. ಮೊದಲ ಸಂಬಳದಲ್ಲಿ ಬಟ್ಟೆಬರೆ ಬಿಟ್ಟು ಅಳತೆಯ ಸಾಮಾನು ಕೊಳ್ಳಬೇಕು ಅನ್ನಿಸಿದ್ದು ನನಗೆ ಹೆಮ್ಮೆಯ ವಿಷಯ. ಆದರೆ ಮೈಕ್ರಾನ್ ಡಯಲ್ ಈಗ ಬೇಡ. ನಮ್ಮ ಕಸುಬಿನಲ್ಲಿ ಹಳೆಯ ಲೆಕ್ಕ ಒಂದಿದೆ: ಎಷ್ಟು ಟಾಲರೆನ್ಸ್ ಹಿಡಿಯಬೇಕೋ ಅದರ ಹತ್ತನೇ ಒಂದು ಭಾಗ ಓದುವಷ್ಟು ಲೀಸ್ಟ್ ಕೌಂಟ್ ಇದ್ದರೆ ಸಾಕು. 0.1 ಹಿಡಿಯುವವಳಿಗೆ 0.01 ಡಯಲ್ ಸರಿಯಾದ ಜೋಡಿ. ಆ 0.02ರ ಬೇರಿಂಗ್ ಸೀಟಿಗೆ 0.002 ಬೇಕಾಗುತ್ತದೆ, ಒಪ್ಪಿದೆ. ಅದು ನಿಮ್ಮ ಇನ್‌ಸ್ಪೆಕ್ಷನ್ ಕೋಣೆಯಲ್ಲಿ ಈಗಾಗಲೇ ಇರಬೇಕು, ಅಲ್ಲಿಂದ ಕೇಳಿ ತಗೋ.

ಇದರಲ್ಲಿ ಇನ್ನೊಂದು ತೊಡಕು ಉಂಟು. ಮುಖದ ಮೇಲೆ 0.001 ಅಂತ ಬರೆದಿದ್ದರೆ ಅದು ಅಷ್ಟು ನಿಖರವಾಗಿ ಅಳೆಯುತ್ತದೆ ಅಂತ ಅರ್ಥವಲ್ಲ, ಅಷ್ಟು ಸಣ್ಣ ಗೆರೆ ಎಳೆದಿದ್ದಾರೆ ಅಂತ ಮಾತ್ರ ಅರ್ಥ. ಒಳ್ಳೆಯ ಕಂಪನಿಯ ಒಂದು ಮಿ.ಮೀ. ಓಟದ ಮೈಕ್ರಾನ್ ಡಯಲ್ ಕೂಡ ಪೂರ್ತಿ ಓಟದಲ್ಲಿ ಐದು ಮೈಕ್ರಾನ್‌ನಷ್ಟು ಆಚೀಚೆ ಹೋಗಬಹುದು ಅಂತ ಕ್ಯಾಟಲಾಗಿನಲ್ಲೇ ಹಾಕಿರುತ್ತಾರೆ. 10 ಮಿ.ಮೀ. ಓಟದ 0.01 ಡಯಲ್‌ಗೆ ಅದು ಹದಿಮೂರು, ಹದಿನೈದು ಮೈಕ್ರಾನ್ ಇರುತ್ತದೆ. ಜತೆಗೆ ಶಾಪ್ ಫ್ಲೋರಿನ ಬಿಸಿ. ಉಕ್ಕಿನ 100 ಮಿ.ಮೀ. ತುಂಡು ಹತ್ತು ಡಿಗ್ರಿ ಹೆಚ್ಚು ಬಿಸಿಯಾದರೆ ಹನ್ನೊಂದು ಹನ್ನೆರಡು ಮೈಕ್ರಾನ್ ಹಿಗ್ಗುತ್ತದೆ. ಅಳತೆಗೆ ಲೋಕವೆಲ್ಲ ಒಪ್ಪಿರುವ ಉಷ್ಣತೆ 20 ಡಿಗ್ರಿ. ಏಪ್ರಿಲ್ ತಿಂಗಳ ಮಧ್ಯಾಹ್ನ, ಶೀಟಿನ ಛಾವಣಿಯ ಕೆಳಗೆ, ಆಗಷ್ಟೇ ಲೇತಿನಿಂದ ಇಳಿಸಿದ ಜಾಬಿನ ಮೇಲೆ ಮೈಕ್ರಾನ್ ಡಯಲ್ ಇಟ್ಟು ಏನನ್ನು ಅಳೆಯುತ್ತೀಯ? ಬಿಸಿಲನ್ನು ಅಳೆಯುತ್ತೀಯ, ಅಷ್ಟೇ. ಪಕ್ಕದಲ್ಲಿ ಯಾರಾದರೂ ಟ್ರಾಲಿ ತಳ್ಳಿಕೊಂಡು ಹೋದರೂ ಅದರ ಮುಳ್ಳು ನಡುಗುತ್ತದೆ. ಓಟವೂ ಕಡಿಮೆ, ಕೈ ಒಂಚೂರು ಜಾರಿದರೆ ಪ್ಲಂಜರ್ ತುದಿಗೆ ಹೋಗಿ ಬಡಿಯುತ್ತದೆ.

ಒಳಗೆ ಏನಿದೆ ಅಂತ ತಿಳಿದುಕೊಂಡರೆ ಆಯ್ಕೆ ಸುಲಭ. ಪ್ಲಂಜರಿನ ಮೈಮೇಲೆ ಸಣ್ಣ ಹಲ್ಲುಗಳ ರ‍್ಯಾಕ್ ಕೊರೆದಿರುತ್ತಾರೆ. ಅದು ಒಂದು ಪುಟ್ಟ ಪಿನಿಯನ್ನನ್ನು ತಿರುಗಿಸುತ್ತದೆ, ಪಿನಿಯನ್ ದೊಡ್ಡ ಗೇರನ್ನು, ಆ ಗೇರು ಮುಳ್ಳು ಕೂತಿರುವ ಇನ್ನೊಂದು ಪಿನಿಯನ್ನನ್ನು. ಪ್ಲಂಜರ್ ಒಂದು ಮಿ.ಮೀ. ಮೇಲೆ ಹೋದರೆ ಮುಳ್ಳು ಪೂರಾ ಒಂದು ಸುತ್ತು. ಅಂದರೆ ಮಾಮೂಲಿ ಗಾತ್ರದ ಮುಖದ ಮೇಲೆ ನಿಜವಾದ ಚಲನೆ ಸುಮಾರು ನೂರೈವತ್ತು ಪಟ್ಟು ದೊಡ್ಡದಾಗಿ ಕಾಣುತ್ತದೆ. ಗೇರು ಅಂದಮೇಲೆ ಹಲ್ಲುಗಳ ನಡುವೆ ಸಡಿಲ ಇದ್ದೇ ಇರುತ್ತದೆ. ಆ ಸಡಿಲ ಮುಳ್ಳಿಗೆ ಕಾಣದಂತೆ ಹಲ್ಲುಗಳನ್ನು ಸದಾ ಒಂದೇ ಪಕ್ಕಕ್ಕೆ ಒತ್ತಿ ಹಿಡಿಯುವುದು ಸುರುಳಿ ಸುತ್ತಿದ ಒಂದು ಹೇರ್‌ಸ್ಪ್ರಿಂಗ್. ಪ್ಲಂಜರನ್ನು ಜಾಬಿನ ಮೇಲೆ ಒತ್ತುವ ಸ್ಪ್ರಿಂಗ್ ಬೇರೆ.

ಇದೆಲ್ಲ ಕೈಗಡಿಯಾರದ ಕಥೆಯಂತೆ ಕೇಳಿಸಿದರೆ ಆಶ್ಚರ್ಯವಿಲ್ಲ. 1883ರಲ್ಲಿ ಇಂಥದ್ದೊಂದು ಗೇಜಿಗೆ ಪೇಟೆಂಟ್ ಅರ್ಜಿ ಹಾಕಿದ ಜಾನ್ ಲೋಗನ್ ಎಂಬಾತ ಅಮೆರಿಕದ ವಾಲ್ತಮ್‌ನವನು, ಅದು ವಾಚ್ ಕಾರ್ಖಾನೆಗೆ ಹೆಸರಾದ ಊರು. ನಮ್ಮ ಜಾಲಹಳ್ಳಿಯಲ್ಲಿ ಕ್ರಮ ತಿರುಗುಮುರುಗು: ಎಚ್‌ಎಂಟಿ 1953ರಲ್ಲಿ ಮೆಷಿನ್ ಟೂಲ್‌ನಿಂದ ಶುರುವಾಯಿತು, ವಾಚ್ ಬಂದದ್ದು 1961ರಲ್ಲಿ. ಎರಡೂ ಕಸುಬು ಒಂದೇ ಬಡಾವಣೆಯಲ್ಲಿ ಬೆಳೆದ ಊರಿನವಳು ನೀನು. ಡಯಲ್ ಅನ್ನು ವಾಚಿನ ಹಾಗೆ ನೋಡಿಕೊಳ್ಳಬೇಕು ಅಂತ ನಿನಗೆ ಬೇರೆ ಹೇಳಬೇಕೆ?

ಈಗ ಅಂಗಡಿಯ ಕೌಂಟರಿಗೆ ಬಾ. ಹೊಸ ಡಯಲ್ ತೆಗೆದು ಕೈಗೆ ಕೊಡುತ್ತಾರೆ. ಬ್ರಾಂಡ್ ಹೆಸರು ಆಮೇಲೆ ನೋಡು. ಎಡಗೈಯಲ್ಲಿ ಅದರ ಕೊರಳು, ಅಂದರೆ ಸ್ಟೆಮ್, ಹಿಡಿದುಕೊಂಡು ಬಲಗೈ ಹೆಬ್ಬೆರಳಿನಿಂದ ಪ್ಲಂಜರನ್ನು ಮೆಲ್ಲಗೆ ಒತ್ತು. ಎಷ್ಟು ಮೆಲ್ಲಗೆ ಅಂದರೆ ಮುಳ್ಳು ಒಂದೊಂದೇ ಗೆರೆ ದಾಟುವುದು ಕಾಣಬೇಕು. ಮುಳ್ಳು ಎಲ್ಲಾದರೂ ತಡೆದು ನಿಂತು ಆಮೇಲೆ ಎರಡು ಗೆರೆ ಒಟ್ಟಿಗೆ ಹಾರಿತೋ, ಒಳಗೆ ಹಲ್ಲಿಗೆ ಏನೋ ಸಿಕ್ಕಿದೆ, ಇಲ್ಲವೇ ಪ್ಲಂಜರ್ ಬುಷ್‌ನಲ್ಲಿ ಉಜ್ಜುತ್ತಿದೆ. ಹೆಬ್ಬೆರಳಿಗೂ ಅದು ತಿಳಿಯುತ್ತದೆ, ಸಣ್ಣ ಮರಳು ತಾಗಿದಂತೆ. ಬಿಡುವಾಗಲೂ ಅಷ್ಟೇ ನಿಧಾನವಾಗಿ ಬಿಡು. ಬಹಳ ಜನ ಒತ್ತುವಾಗ ಗಮನಿಸುತ್ತಾರೆ, ಬಿಡುವಾಗ ಟಪ್ಪನೆ ಬಿಟ್ಟುಬಿಡುತ್ತಾರೆ. ಕಾಯಿಲೆ ಗೊತ್ತಾಗುವುದು ಮಾತ್ರ ವಾಪಸು ಬರುವಾಗಲೇ. ಸ್ಪ್ರಿಂಗ್ ಒಂದೇ ಆಗ ಕೆಲಸ ಮಾಡುತ್ತಿರುತ್ತದೆ, ನಿನ್ನ ಬೆರಳಿನ ಬಲ ಇರುವುದಿಲ್ಲ.

ಆಮೇಲೆ ಅದನ್ನು ಗ್ರಾನೈಟ್ ಸ್ಟ್ಯಾಂಡಿಗೆ ಕಟ್ಟಿಸು. ಅಳತೆಯ ಸಾಮಾನು ಮಾರುವ ಒಳ್ಳೆಯ ಅಂಗಡಿಯಲ್ಲಿ ಒಂದು ಸ್ಟ್ಯಾಂಡ್, ಒಂದು ಸ್ಲಿಪ್ ಗೇಜ್ ಇದ್ದೇ ಇರುತ್ತದೆ. ಇಲ್ಲ ಅಂದರೆ ಆ ಅಂಗಡಿಯ ಬಗ್ಗೆಯೇ ಯೋಚಿಸು. ಸ್ಲಿಪ್ ಗೇಜ್ ಇಟ್ಟು, ಪ್ಲಂಜರನ್ನು ಅರ್ಧ ಸುತ್ತಿನಷ್ಟು ಒತ್ತಿ ಕೂರಿಸಿ, ಹೊರಬಳೆ ತಿರುಗಿಸಿ ಸೊನ್ನೆ ಹೊಂದಿಸಿಕೋ. ಮೇಲಿನ ಟೊಪ್ಪಿ ಹಿಡಿದು ಪ್ಲಂಜರ್ ಎತ್ತು, ಇಳಿಸು. ಐದು ಸಲ ಮಾಡು. ಪ್ರತಿ ಸಲವೂ ಮುಳ್ಳು ಅದೇ ಗೆರೆಯ ಮೇಲೆ ಬಂದು ಕೂರಬೇಕು. 0.01 ಡಯಲ್‌ನಲ್ಲಿ ಮೂರನೇ ಒಂದು ಗೆರೆಯಷ್ಟು ಹೆಚ್ಚುಕಡಿಮೆ ಆದರೆ ಕ್ಷಮಿಸಬಹುದು. ಅರ್ಧ ಗೆರೆ ದಾಟಿದರೆ ನಗುನಗುತ್ತಲೇ ವಾಪಸು ಕೊಟ್ಟು ಇನ್ನೊಂದು ತೆಗೆಸು. ಕೊನೆಗೆ ಸ್ಲಿಪ್ ಗೇಜನ್ನು ಪ್ಲಂಜರಿನ ಕೆಳಗೆ ಎಡದಿಂದ, ಬಲದಿಂದ, ಮುಂದಿನಿಂದ, ಹಿಂದಿನಿಂದ ಮೆಲ್ಲಗೆ ಜಾರಿಸು. ಪಕ್ಕಕ್ಕೆ ನೂಕಿದಾಗ ಓದು ಬದಲಾದರೆ ಪ್ಲಂಜರಿಗೂ ಬುಷ್‌ಗೂ ನಡುವೆ ಸಡಿಲ ಇದೆ. ಹೊಸದರಲ್ಲೇ ಸಡಿಲ ಇದ್ದದ್ದು ಹಳೆಯದಾದ ಮೇಲೆ ಬಿಗಿಯಾಗುವುದಿಲ್ಲ.

ಡಯಲ್‌ನ ಗುಣ ಅಂದರೆ ನನ್ನ ಪಾಲಿಗೆ ಇದೇ, ಮುಳ್ಳು ಮರಳಿ ಅದೇ ಜಾಗಕ್ಕೆ ಬರುವುದು. ಒಂದು ಡಯಲ್ ಎಲ್ಲ ಕಡೆಯೂ ಐದು ಮೈಕ್ರಾನ್ ತಪ್ಪು ತೋರಿಸಲಿ, ದಿನಾ ಅದೇ ತಪ್ಪು ತೋರಿಸಿದರೆ ಅದರ ಜತೆ ಸಂಸಾರ ಮಾಡಬಹುದು. ಹೇಗೂ ನಾವು ಡಯಲ್‌ನಲ್ಲಿ ಉದ್ದ ಅಳೆಯುವುದು ಕಡಿಮೆ. ಗೊತ್ತಿರುವ ಸ್ಲಿಪ್ ಗೇಜಿಗೂ ಗೊತ್ತಿಲ್ಲದ ಜಾಬಿಗೂ ಎಷ್ಟು ವ್ಯತ್ಯಾಸ ಅಂತ ಕೇಳುತ್ತೇವೆ, ಇಲ್ಲವೇ ಒಂದೇ ಜಾಬಿನ ಈ ಪಕ್ಕಕ್ಕೂ ಆ ಪಕ್ಕಕ್ಕೂ. ಆ ವ್ಯತ್ಯಾಸ ಎರಡು ಮೂರು ಗೆರೆಗಳೊಳಗೆ ಮುಗಿದುಹೋಗುತ್ತದೆ, ಪೂರ್ತಿ ಓಟದ ತಪ್ಪು ಅಲ್ಲಿಗೆ ತಲುಪುವುದೇ ಇಲ್ಲ. ಒಮ್ಮೆ ಒಂದು ಥರ ಇನ್ನೊಮ್ಮೆ ಇನ್ನೊಂದು ಥರ ತೋರಿಸುವ ಡಯಲ್ ಮಾತ್ರ, ಎಷ್ಟೇ ಸಣ್ಣ ಗೆರೆ ಇದ್ದರೂ, ನಿನ್ನನ್ನು ನಂಬಿಸಿ ಜಾಬ್ ಕೆಡಿಸುತ್ತದೆ.

ಇನ್ನು ಸಣ್ಣಪುಟ್ಟ ವಿಷಯ. ಸ್ಟೆಮ್ 8 ಮಿ.ಮೀ. ಇರಲಿ, ನಮ್ಮಲ್ಲಿ ಸಿಗುವ ಸ್ಟ್ಯಾಂಡು, ಬೋರ್ ಗೇಜು ಎಲ್ಲ ಅದಕ್ಕೇ ಹೊಂದುತ್ತವೆ. ಹಳೆಯ ಅಮೆರಿಕನ್ ಡಯಲ್‌ಗಳ ಸ್ಟೆಮ್ ಮೂರೆಂಟನೇ ಇಂಚು, ನಿನಗೆ ತಲೆನೋವು. ತುದಿಯ ಮೊನೆ ಎಂ2.5 ಥ್ರೆಡ್ಡಿನದಾಗಿದ್ದರೆ ಬದಲಿ ಮೊನೆ ಎಲ್ಲಿ ಬೇಕಾದರೂ ಸಿಗುತ್ತದೆ, ಕಾರ್ಬೈಡ್ ಗುಂಡಿನದೇ ತಗೋ. ಉಕ್ಕಿನ ಗುಂಡು ಒಂದೇ ಕಡೆ ಉಜ್ಜಿ ಉಜ್ಜಿ ಚಪ್ಪಟೆಯಾಗುತ್ತದೆ, ಭೂತಗನ್ನಡಿಯಲ್ಲಿ ನೋಡಿದರೆ ಸಣ್ಣ ಕನ್ನಡಿ ಥರ ಹೊಳೆಯುತ್ತದೆ. ಓಟ 10 ಮಿ.ಮೀ. ಸಾಕು. ಮುಖದ ಮೇಲಿನ ಅಂಕಿ ಸೊನ್ನೆಯಿಂದ ನೂರಕ್ಕೆ ಹೋಗುವುದೂ ಉಂಟು, ಸೊನ್ನೆಯಿಂದ ಎರಡೂ ಕಡೆ ಐವತ್ತಕ್ಕೆ ಹೋಗುವುದೂ ಉಂಟು. ರನ್‌ಔಟ್ ನೋಡುವ ಕೆಲಸವೇ ಹೆಚ್ಚಾದರೆ ಎರಡನೆಯದು ಕಣ್ಣಿಗೆ ಹಿತ. ಶಾಕ್‌ಪ್ರೂಫ್ ಅಂತ ಬರೆದಿದ್ದು ಸಿಕ್ಕರೆ ಒಂದಿಷ್ಟು ಹೆಚ್ಚು ಕೊಟ್ಟಾದರೂ ತಗೋ. ಪ್ಲಂಜರಿಗೆ ಕೆಳಗಿಂದ ಏಟು ಬಿದ್ದಾಗ ಅದು ಗೇರಿನ ತನಕ ಹೋಗದ ಹಾಗೆ ಒಳಗೆ ಏರ್ಪಾಡು ಮಾಡಿರುತ್ತಾರೆ. ಹೊಸಬರ ಕೈಯಲ್ಲಿ ಏಟು ಬೀಳುವುದು ಸಹಜ, ಬೇಜಾರು ಮಾಡಿಕೊಳ್ಳಬೇಡ.

ಯಾವ ಕಂಪನಿ ಅಂತ ಕೇಳಿದೆಯಲ್ಲ. ಜಪಾನಿನ ಮಿಟುಟೊಯೊ, ಜರ್ಮನಿಯ ಮಾರ್, ಸ್ವಿಸ್‌ನ ಟೆಸಾ, ಅಮೆರಿಕದ ಸ್ಟಾರೆಟ್, ನಮ್ಮ ಪುಣೆಯ ಬೇಕರ್. ಇವುಗಳಲ್ಲಿ ಯಾವುದನ್ನು ತಗೊಂಡರೂ ನಿನ್ನ ಕೆಲಸಕ್ಕೆ ಕೊರತೆ ಆಗುವುದಿಲ್ಲ. ಸ್ವಿಸ್ ಡಯಲ್ ಹಿಡಿದರೆ ಕೈಗೆ ಖುಷಿ, ನಿಜ. ಆದರೆ ಮೊದಲ ಡಯಲ್ ಬೀಳುತ್ತದೆ, ಕೂಲೆಂಟ್ ಕುಡಿಯುತ್ತದೆ, ಯಾರೋ ಕೇಳಿ ಪಡೆದು ಗಾಜು ಒಡೆದು ತಂದುಕೊಡುತ್ತಾರೆ. ಅದಕ್ಕೆ ಗಾಜು, ರ‍್ಯಾಕು, ಹೇರ್‌ಸ್ಪ್ರಿಂಗ್ ಊರಲ್ಲೇ ಸಿಗಬೇಕು, ಬಿಚ್ಚಿ ಸರಿಮಾಡುವವರೂ ಊರಲ್ಲೇ ಇರಬೇಕು. ಹೆಸರಿಲ್ಲದ ಡಯಲ್ ಕಾಲು ಭಾಗ ಬೆಲೆಗೆ ಸಿಗುತ್ತದೆ, ಮೊದಲ ತಿಂಗಳು ಚೆನ್ನಾಗಿಯೇ ಓಡುತ್ತದೆ. ಅದರೊಳಗೆ ಕೈಹಾಕಿ ಸರಿಮಾಡಲು ಮಾತ್ರ ಯಾರೂ ಒಪ್ಪುವುದಿಲ್ಲ.

ಹೆಸರಾಂತ ಡಯಲ್‌ಗಳ ನಕಲು ಬಗ್ಗೆ ಎಚ್ಚರ. ಡಬ್ಬಿ ಅದೇ, ಬಣ್ಣ ಅದೇ, ಅಕ್ಷರ ಅದೇ. ಭೂತಗನ್ನಡಿ ಹಿಡಿದು ಗೆರೆಗಳನ್ನು ನೋಡು: ಅಸಲಿಯಲ್ಲಿ ಗೆರೆಯ ಅಂಚು ಚೂಪಾಗಿ, ಎಲ್ಲ ಗೆರೆಯೂ ಒಂದೇ ದಪ್ಪ ಇರುತ್ತವೆ, ಮುಳ್ಳಿನ ತುದಿ ಗೆರೆಗಿಂತ ದಪ್ಪ ಇರುವುದಿಲ್ಲ. ಹೊರಬಳೆ ತಿರುಗಿಸಿದರೆ ಎಣ್ಣೆ ಹಚ್ಚಿದ ಹಾಗೆ ಒಂದೇ ಸಮ ತಿರುಗಬೇಕು. ಅಧಿಕೃತ ಡೀಲರ್ ಬೆಲೆಗಿಂತ ಅರ್ಧಕ್ಕೆ ಕೊಡುತ್ತೇನೆ ಅಂದವನ ಮುಂದೆ ಹೆಚ್ಚು ಹೊತ್ತು ನಿಲ್ಲಬೇಡ.

ಎರಡನೆಯ ಡಯಲ್ ಕೊಳ್ಳುವ ಕಾಲ ಬಂದಾಗ ಪಪ್ಪಿ ಡಯಲ್, ಅಂದರೆ ಪ್ಲಂಜರ್ ಬದಲು ಆಡುವ ಕಡ್ಡಿ ಇರುವ ಲಿವರ್ ಡಯಲ್, ತಗೋ. ನಾಲ್ಕು ಜಾ ಚಕ್‌ನಲ್ಲಿ ಜಾಬ್ ಟ್ರೂ ಹಿಡಿಯುವುದಕ್ಕೆ, ಮಿಲ್ಲಿಂಗ್ ಮೆಷಿನ್‌ನಲ್ಲಿ ವೈಸ್ ನೇರ ಮಾಡುವುದಕ್ಕೆ, ಬೋರಿನೊಳಗೆ ತುದಿ ತೂರಿಸುವುದಕ್ಕೆ ಅದಕ್ಕಿಂತ ಒಳ್ಳೆಯದಿಲ್ಲ. 0.01 ಲೀಸ್ಟ್ ಕೌಂಟ್, 0.8 ಮಿ.ಮೀ. ಓಟದ್ದು ಮೊದಲಿಗೆ ಸರಿ. ಪ್ಲಂಜರ್ ಡಯಲ್ ಒಂದು ನ್ಯೂಟನ್ನಿಗಿಂತ ಹೆಚ್ಚೇ ಒತ್ತಿದರೆ ಇದು ಒತ್ತುವುದು ಅದರ ಕಾಲು ಭಾಗದ ಆಸುಪಾಸು; ತೆಳ್ಳಗಿನ ಗೋಡೆಯ ಜಾಬ್ ಬಾಗುವುದಿಲ್ಲ.

ಆದರೆ ಪಪ್ಪಿ ಡಯಲ್ ತಲೆ ಓಡಿಸದವರಿಗೆ ಸುಳ್ಳು ಹೇಳುತ್ತದೆ. ಅದರ ಕಡ್ಡಿ ಜಾಬಿನ ಮೇಲ್ಮೈಗೆ ಆದಷ್ಟು ಸಮಾನಾಂತರವಾಗಿ ಮಲಗಿರಬೇಕು. ಕೆಲವು ಮಾದರಿಗಳನ್ನು ಹನ್ನೆರಡು ಡಿಗ್ರಿ ಓರೆಗೆಂದೇ ಮಾಡಿರುತ್ತಾರೆ, ಜತೆಗೆ ಬರುವ ಕಾಗದ ಓದು. ಸಮಾನಾಂತರದ್ದನ್ನು ಮೂವತ್ತು ಡಿಗ್ರಿ ಓರೆಯಾಗಿ ಇಟ್ಟರೆ ಮುಳ್ಳು 0.10 ತೋರಿಸಿದಾಗ ನಿಜ 0.087. ಅರವತ್ತು ಡಿಗ್ರಿಯಲ್ಲಿ ನಿಜ ಅರ್ಧಕ್ಕೆ ಇಳಿದಿರುತ್ತದೆ. ಜಾಬ್ ಟ್ರೂ ಮಾಡುವಾಗ ಇದಕ್ಕೆ ತಲೆ ಕೆಡಿಸಿಕೊಳ್ಳಬೇಡ, ಅಲ್ಲಿ ಮುಳ್ಳು ಅಲ್ಲಾಡದೆ ನಿಂತರೆ ಮುಗಿಯಿತು, ಓರೆಯಲ್ಲೂ ಸೊನ್ನೆ ಸೊನ್ನೆಯೇ. ಎಷ್ಟು ಔಟ್ ಇದೆ ಅಂತ ರಿಪೋರ್ಟಿನಲ್ಲಿ ಬರೆದುಕೊಡುವಾಗ ಮಾತ್ರ ಓರೆ ಲೆಕ್ಕಕ್ಕೆ ಬರುತ್ತದೆ. ಕಡ್ಡಿ ಮುರಿದರೆ ಆ ಮಾದರಿಗೆ ಹೇಳಿದ ಉದ್ದದ್ದನ್ನೇ ಹಾಕು. ಕಡ್ಡಿಯ ಉದ್ದದ ಮೇಲೆಯೇ ಒಳಗಿನ ಗೇರಿನ ಲೆಕ್ಕ ಕೂತಿದೆ. ಉದ್ದನೆಯದು ಹಾಕಿದರೆ ಕಡಿಮೆ ತೋರಿಸುತ್ತದೆ, ಯಾರಿಗೂ ಗೊತ್ತಾಗುವುದೂ ಇಲ್ಲ. ಎಷ್ಟೋ ಶಾಪ್‌ಗಳಲ್ಲಿ ಹಾಗೆ ಯಾವುದೋ ಕಡ್ಡಿ ಹಾಕಿಕೊಂಡ ಪಪ್ಪಿ ಡಯಲ್‌ಗಳು ಈಗಲೂ ಓಡಾಡಿಕೊಂಡಿವೆ.

ಟ್ರೂ ಮಾಡುವ ಮಾತು ಬಂತು, ಇದನ್ನೂ ಕೇಳಿಬಿಡು. ಚಕ್ ಒಂದು ಸುತ್ತು ತಿರುಗಿಸಿದಾಗ ಮುಳ್ಳು ಒಟ್ಟು ಹತ್ತು ಗೆರೆ ಓಡಾಡಿದರೆ ಜಾಬಿನ ಸೆಂಟರ್ ತಪ್ಪಿರುವುದು ಐದೇ ಗೆರೆಯಷ್ಟು. ಎದುರುಬದುರು ಜಾಗಳನ್ನು ಆ ಅರ್ಧದಷ್ಟೇ ಸರಿಸು. ಹೊಸಬರು ಹತ್ತನ್ನೂ ಸರಿಸುತ್ತಾರೆ, ಆಮೇಲೆ ಜಾಬ್ ಆ ಪಕ್ಕಕ್ಕೆ ಐದು ಗೆರೆ ಹೋಗಿರುತ್ತದೆ, ಅರ್ಧ ಗಂಟೆ ಇದೇ ಆಟ.

ಡಯಲ್‌ಗೆ ಇಟ್ಟ ದುಡ್ಡಿನಲ್ಲಿ ಒಂದು ಪಾಲು ಉಳಿಸಿ ಮ್ಯಾಗ್ನೆಟಿಕ್ ಸ್ಟ್ಯಾಂಡಿಗೆ ಹಾಕು ಅಂತ ನಾನು ಹೇಳಿದರೆ ನಿನ್ನ ಸ್ನೇಹಿತರು ನಗಬಹುದು. ಸಾವಿರಗಟ್ಟಲೆ ಕೊಟ್ಟು ಡಯಲ್ ತಂದು, ತೆಳ್ಳನೆ ರಾಡಿನ ಅಗ್ಗದ ಸ್ಟ್ಯಾಂಡಿಗೆ ಸಿಕ್ಕಿಸುವುದು ಅಲ್ಲಾಡುವ ಏಣಿ ಮೇಲೆ ನಿಂತು ತೆಂಗಿನಕಾಯಿ ಎಣಿಸಿದ ಹಾಗೆ. ರಾಡಿನ ಉದ್ದ ಎರಡು ಪಟ್ಟಾದರೆ ಅದೇ ಬಲಕ್ಕೆ ಅದು ಬಾಗುವುದು ಎಂಟು ಪಟ್ಟು. ಆದ್ದರಿಂದ ರಾಡು ದಪ್ಪ ಇರಲಿ, ಆದಷ್ಟು ಗಿಡ್ಡಕ್ಕೆ ಹಿಡಿ, ಕ್ಲಾಂಪುಗಳು ಕಡಿಮೆ ಇರಲಿ. ಕೊಳ್ಳುವಾಗ ಡಯಲ್ ಕಟ್ಟಿ, ಸೊನ್ನೆ ಮಾಡಿ, ರಾಡಿನ ತುದಿಯನ್ನು ಕಿರುಬೆರಳಿನಲ್ಲಿ ಒಂಚೂರು ಒತ್ತಿ ಬಿಡು. ಮುಳ್ಳು ಮತ್ತೆ ಸೊನ್ನೆಗೆ ಬರಲಿಲ್ಲ ಅಂದರೆ ಯಾವುದೋ ಕೀಲು ಜಾರುತ್ತಿದೆ. ಬೇಸಿನ ತಳ ಒರೆಸದೆ ಎಂದೂ ಇಡಬೇಡ, ಒಂದು ಚಿಪ್ ಸಿಕ್ಕಿಕೊಂಡರೂ ಸಾಕು ಸ್ಟ್ಯಾಂಡ್ ಕುಣಿಯುತ್ತದೆ.

ಡಿಜಿಟಲ್ ಡಯಲ್ ಬಗ್ಗೆ ನನ್ನದು ಹಳೆಯ ಕಾಲದ ಮಾತು ಅಂತ ನೀನು ಅಂದುಕೊಂಡರೂ ಸರಿ. ಅಂಕಿ ಬರೆದಿಟ್ಟುಕೊಳ್ಳಬೇಕು, ಕಂಪ್ಯೂಟರಿಗೆ ಕಳಿಸಬೇಕು ಅನ್ನುವ ಕಡೆ ಅದು ಬೇಕೇ ಬೇಕು. ತಿರುಗುವ ಜಾಬಿನ ಮೇಲೆ ಮಾತ್ರ ಮುಳ್ಳೇ ಮೇಲು. ಅಂಕಿಗಳು ಪಟಪಟ ಬದಲಾಗುತ್ತಿದ್ದರೆ ಕಣ್ಣಿಗೆ ಏನೂ ಹತ್ತುವುದಿಲ್ಲ. ಮುಳ್ಳಾದರೆ ಎಲ್ಲಿ ಏರಿತು, ಎಲ್ಲಿ ಇಳಿಯಿತು, ಕೀವೇ ಸಿಕ್ಕಿ ಎಲ್ಲಿ ಎಗರಿತು ಅಂತ ಒಂದೇ ನೋಟಕ್ಕೆ ಹೇಳಿಬಿಡುತ್ತದೆ.

ಭಾನುವಾರದ ಸಂತೆಯಲ್ಲಿ, ಗುಜರಿಯಲ್ಲಿ ಹಳೆಯ ಜರ್ಮನ್, ಸ್ವಿಸ್ ಡಯಲ್‌ಗಳು ಸಿಗುತ್ತವೆ, ಆಸೆಯಾಗುವಂಥವೇ. ನಿನಗೆ ಕೈ ಪಳಗುವವರೆಗೆ ಆ ಕಡೆ ಹೋಗಬೇಡ. ಹೋದರೂ ಹೆಬ್ಬೆರಳಿನ ಪರೀಕ್ಷೆ ಮಾಡದೆ ದುಡ್ಡು ಬಿಚ್ಚಬೇಡ.

ಕೊಂಡ ಮೇಲೆ ಒಂದೇ ಒಂದು ಮಾತನ್ನು ಹಟ ಹಿಡಿದು ಪಾಲಿಸು: ಪ್ಲಂಜರಿಗೆ ಎಣ್ಣೆ ಬಿಡಬೇಡ. ಬಿಗಿಯಾಯಿತು ಅಂದ ಕೂಡಲೇ ಪಕ್ಕದ ಮೆಷಿನ್‌ನವನು ಎಣ್ಣೆ ಡಬ್ಬಿ ಹಿಡಿದುಕೊಂಡು ಬರುತ್ತಾನೆ, ಪಾಪ ಒಳ್ಳೆಯ ಮನಸ್ಸಿನಿಂದಲೇ. ಎಣ್ಣೆ ಬುಷ್‌ನಿಂದ ಒಳಗಿಳಿದು ಧೂಳು ಹಿಡಿದು ಗೋಂದಾಗುತ್ತದೆ, ಹೇರ್‌ಸ್ಪ್ರಿಂಗಿನ ಸುತ್ತುಗಳನ್ನು ಒಂದಕ್ಕೊಂದು ಅಂಟಿಸುತ್ತದೆ, ಅಲ್ಲಿಗೆ ಡಯಲ್ ಕೆಟ್ಟಿತು. ಸ್ಪಿರಿಟ್ಟಿನಲ್ಲಿ ಅದ್ದಿ ಹಿಂಡಿದ ಬಟ್ಟೆಯಿಂದ ಪ್ಲಂಜರ್ ಒರೆಸು, ಸಾಕು. ಸ್ಟೆಮ್ಮನ್ನು ಸ್ಕ್ರೂ ಹಾಕಿ ಬಿಗಿಯುವಾಗಲೂ ಜೋರು ಬೇಡ. ಸ್ಟೆಮ್ ಒಳಕ್ಕೆ ಅಮುಕಿ ಪ್ಲಂಜರನ್ನೇ ಹಿಡಿದುಬಿಡುತ್ತದೆ. ಡಯಲ್ ಅಂಟುತ್ತಿದೆ ಅಂತ ರಿಪೇರಿಗೆ ಬರುವವುಗಳಲ್ಲಿ ಕೆಲವಕ್ಕೆ ಬೇಕಾದ ರಿಪೇರಿ ಆ ಸ್ಕ್ರೂ ಅರ್ಧ ಸುತ್ತು ಸಡಿಲಿಸುವುದು, ಅಷ್ಟೇ.

ವರ್ಷಕ್ಕೊಮ್ಮೆ ಎನ್‌ಎಬಿಎಲ್ ಮಾನ್ಯತೆ ಇರುವ ಲ್ಯಾಬಿಗೆ ಕಳಿಸು. ನಿಮ್ಮ ಶಾಪಿನವು ಹೋಗುವಾಗ ನಿನ್ನದನ್ನೂ ಸೇರಿಸಲು ಕ್ವಾಲಿಟಿ ವಿಭಾಗದವರನ್ನು ಕೇಳು, ಕೊಡಬೇಕಾದ ಶುಲ್ಕ ಕೊಡು. ಸರ್ಟಿಫಿಕೇಟ್ ಬಂದಾಗ ಪಾಸ್ ಅಂತ ನೋಡಿ ಮಡಚಿಡಬೇಡ. ಪ್ಲಂಜರ್ ಒಳಗೆ ಹೋಗುವಾಗ ಎಷ್ಟು ತಪ್ಪು, ಹೊರಗೆ ಬರುವಾಗ ಎಷ್ಟು ತಪ್ಪು ಅಂತ ಎರಡು ಸಾಲು ಇರುತ್ತವೆ. ಆ ಎರಡರ ನಡುವಿನ ಅಂತರ ವರ್ಷದಿಂದ ವರ್ಷಕ್ಕೆ ಬೆಳೆಯುತ್ತಿದ್ದರೆ ಒಳಗೆ ಸವೆಯುತ್ತಿದೆ ಅಂತ ಲೆಕ್ಕ. ತಪ್ಪು ಯಾವ ಸುತ್ತಿನಲ್ಲಿ ಹೆಚ್ಚಿದೆ ಅಂತಲೂ ನೋಡಿಟ್ಟುಕೋ, ಆ ಜಾಗ ಬಿಟ್ಟು ಸೊನ್ನೆ ಹೊಂದಿಸಿದರಾಯಿತು.

ಬಿಲ್ಲಿನಲ್ಲಿ ಮಾದರಿಯ ಹೆಸರಿನ ಜತೆಗೆ ಸೀರಿಯಲ್ ನಂಬರನ್ನೂ ಬರೆಸಿಕೋ, ಡಯಲ್‌ನ ಬೆನ್ನಿನ ಮೇಲಿನ ನಂಬರ್ ಅದೇ ಹೌದೋ ಅಲ್ಲವೋ ಅಂತ ಅಂಗಡಿಯಲ್ಲೇ ತಾಳೆ ನೋಡು. ನಿಮ್ಮ ಶಾಪಿನ ಗೇಟಿನಲ್ಲಿ ಒಳಗೆ ತರುವಾಗ ರಿಜಿಸ್ಟರಿನಲ್ಲಿ ಸ್ವಂತದ್ದು ಅಂತ ಅದೇ ನಂಬರ್ ಬರೆಸು. ಇಲ್ಲದಿದ್ದರೆ ಸಂಜೆ ಹೊರಗೆ ತರುವಾಗ ಸೆಕ್ಯುರಿಟಿಯವರಿಗೆ ಅದು ನಿನ್ನದು ಅಂತ ತೋರಿಸಲು ಏನೂ ಇರುವುದಿಲ್ಲ.